ಕಾಸಮ್ಮನ ಬಿಳಿ ಬೀಜ

ಹೊಳೆನರಸೀಪುರದ ಆಚೆಗೊಂದು ಸಣ್ಣ ರೈಲು ನಿಲ್ದಾಣ. ಮಾರ್ಗಶಿರದ ಚಳಿ. ಬೆಳಗಿನ ಆರೂವರೆ. ಮೈಸೂರಿನ ಗಾಡಿ ಬರಲು ಇನ್ನೂ ಇಪ್ಪತ್ತು ನಿಮಿಷವಿದೆ. ಪ್ಲಾಟ್‌ಫಾರಂ ಗುಡಿಸಿ ಮುಗಿಸಿದ ಪಾರ್ವತಮ್ಮ ಪೊರಕೆಯನ್ನು ಬೇಲಿಗೆ ಒರಗಿಸಿ, ನೀರಿನ ತೊಟ್ಟಿಯ ಹಿಂದಿರುವ ಹೂವಿನ ಪಾತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೈಯಲ್ಲಿ ಬಿಂದಿಗೆಯಿಲ್ಲ. ಎದೆಯೆತ್ತರದ ಗಿಡಗಳ ತುದಿಯಲ್ಲಿ ಎಂಟೆಂಟು ಎಸಳಿನ ಬಿಳಿ ಹೂಗಳು. ಬೆರಳು ಮಡಿಸುತ್ತ ಎಣಿಸಿ, ಪಕ್ಕದಲ್ಲಿ ನಿಂತ ನನ್ನತ್ತ ತಿರುಗುತ್ತಾರೆ.

"ಮೂವತ್ನಾಕು ಸಾ. ನೆನ್ನೆ ಇಪ್ಪತ್ತೊಂಬತ್ತಿತ್ತು."

ನಿಲ್ದಾಣದ ಟೀ ಅಂಗಡಿಯ ಚನ್ನಪ್ಪ ಅಲ್ಲಿಂದಲೇ ಕೂಗುತ್ತಾನೆ: "ಪಾರ್ವತಕ್ಕಾ, ಬಂದು ಟೀ ಕುಡಿ. ಅವೇನು ಟಿಕೆಟ್ ತಗಂಡು ಗಾಡಿ ಅತ್ತಾಕಿಲ್ಲ."

"ಅವು ಅತ್ತಾಕಿಲ್ಲ, ನೀನು ಒಂದು ಕಿತ್ತು ಕಿವಿಗೆ ಸಿಗಿಸ್ಕತೀಯ ಕಣ್ಲಾ. ಅದ್ಕೇ ಎಣಿಸ್ತಿರಾದು."

ಪಾರ್ವತಮ್ಮನವರಿಗೆ ಐವತ್ತಾರು ವರ್ಷ. ಗುತ್ತಿಗೆಯ ಮೇಲೆ ಇಲ್ಲಿ ಗುಡಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದೆ. ಹೂ ಬೆಳೆಯುವುದು ಆ ಕೆಲಸದಲ್ಲಿ ಸೇರಿಲ್ಲ. ಬೆಳೆಯಿರಿ ಎಂದವರೂ ಇಲ್ಲ, ಬೇಡ ಎಂದವರೂ ಇಲ್ಲ. ದಿನಕ್ಕೆ ಎರಡು ಸಲ ಪ್ಲಾಟ್‌ಫಾರಂ ಗುಡಿಸಬೇಕು. ನಡುವಿನ ಹೊತ್ತಿನಲ್ಲಿ ಏಳು ಪಾತಿ, ಮೂವತ್ತು ಬಿಂದಿಗೆ ನೀರು. ಏಳರಲ್ಲೂ ಇರುವುದು ಒಂದೇ ಜಾತಿಯ ಹೂ, ಕಾಸ್ಮಾಸ್. ಹಿಂದೆ ಇಲ್ಲಿದ್ದ ಸ್ಟೇಷನ್ ಮಾಸ್ಟರೊಬ್ಬರು ಹೇಳಿಕೊಟ್ಟ ಆ ಹೆಸರು ಇವರ ಬಾಯಲ್ಲಿ ಕಾಸಮ್ಮ ಆಗಿದೆ. ಈಗ ಟಿಕೆಟ್ ಕೊಡುವವರೂ ಕಾಸಮ್ಮ ಎಂದೇ ಅನ್ನುತ್ತಾರೆ. ನಿಲ್ದಾಣದ ಹೆಸರನ್ನು ಬರೆಯಬೇಡಿ ಎಂದು ಪಾರ್ವತಮ್ಮನವರೇ ಕೇಳಿಕೊಂಡಿದ್ದಾರೆ. "ಪೇಪರ್ನಾಗೆ ಬಂದ್ರೆ ಜನ ಬೀಜ ಕೀಳಾಕೆ ಬಂದ್ಬುಡ್ತಾರೆ."

ಬೀಜ ಸಣ್ಣದು, ಕಪ್ಪು, ಮುರಿದ ಸೂಜಿಯ ಹಾಗೆ ನೀಳ. ಆಷಾಢದ ಮಳೆ ಹಿಡಿದ ಮೇಲೆ ನೆಲ ಕೆದಕಿ, ಉದುರಿಸಿ, ಮೇಲೆ ಬೆರಳಿನಿಂದ ಮಣ್ಣು ಸವರಿದರೆ ಸಾಕು. ವಾರದಲ್ಲಿ ಮೊಳಕೆ, ಎರಡು, ಎರಡೂವರೆ ತಿಂಗಳಿಗೆ ಹೂ. ಆರು ಪಾತಿಗಳಲ್ಲಿ ಗುಲಾಬಿ ಬಣ್ಣದ್ದು. ಬಿಳಿಯದು ತೊಟ್ಟಿಯ ಹಿಂದಿನ ಈ ಒಂದೇ ಪಾತಿಯಲ್ಲಿ, ಮಿಕ್ಕವಕ್ಕೆ ದೂರವಾಗಿ. ಹತ್ತಿರವಿಟ್ಟರೆ ಜೇನುಹುಳ ಬಣ್ಣ ಬೆರೆಸುತ್ತದೆ. ಮರುವರ್ಷ ಬಿಳಿಯ ಬೀಜದಿಂದಲೇ ಗುಲಾಬಿ ಹೂ ಬರುತ್ತದೆ. "ಜೇನು ನಮ್ಮ ಮಾತು ಕೇಳ್ತದಾ ಸಾ?"

ಬಿಳಿಯ ಬೀಜ ತಂದವರು ಇವರ ಪತಿ ಹುಚ್ಚಯ್ಯನವರು. ಹಳಿಯ ಕೆಲಸದ ಕೂಲಿಯಾಗಿದ್ದವರು. ಹಾಸನದ ಯಾವುದೋ ಕಚೇರಿಯ ಬೇಲಿಯಲ್ಲಿ ಒಣಗಿ ನಿಂತಿದ್ದ ಹೂವನ್ನು ಅಂಗಿಯ ಜೇಬಿಗೆ ಉದುರಿಸಿಕೊಂಡು ಬಂದಿದ್ದರಂತೆ. ಹುಣ್ಣಿಮೆಯ ದಿನ ಮನೆಯಲ್ಲಿ ಬುದ್ಧನ ಪಟದ ಮುಂದೆ ಬಿಳಿ ಹೂ ಇಡಬೇಕೆಂಬುದು ಅವರ ಆಸೆ. ಅವರು ತೀರಿಕೊಂಡು ಐದು ವರ್ಷವಾಯಿತು. ಹೂ ಇಡುವುದು ನಿಂತಿಲ್ಲ.

ನಿಲ್ಲುವ ಕಾಲ ಈ ವರ್ಷ ಬಂದಿತ್ತು. ಬಿತ್ತುವ ಮೊದಲೇ, ಮುಂಗಾರಿನ ಮೊದಲ ಮಳೆಗೆ ಹೆಂಚು ಸೋರಿ, ಬೀಜದ ಡಬ್ಬಿಗೆ ನೀರಿಳಿದು, ಬೂಷ್ಟು ಹಿಡಿಯಿತು. ಆರಿಸಿದಾಗ ಉಳಿದದ್ದು ಒಂದು ಬೆಂಕಿಪೊಟ್ಟಣದಷ್ಟು. ಅಷ್ಟನ್ನೂ ಈ ಪಾತಿಗೆ ಹಾಕಿದರು. ಇರುವುದೇ ಇಷ್ಟು, ಚೆನ್ನಾಗಿ ಬರಲಿ ಎಂದು ಅರಕಲಗೂಡಿನ ಕಡೆ ಶುಂಠಿ ಬೆಳೆಯುವ ತಂಗಿಯ ಹೊಲದಿಂದ ಒಂದು ಮೂಟೆ ಕುರಿಗೊಬ್ಬರ ತರಿಸಿ ಸುರಿದರು. ಎರಡು ಹೊತ್ತು ನೀರು ಹೊಯ್ದರು.

ಗಿಡ ಎದೆಯೆತ್ತರಕ್ಕೆ ಬಂತು. ದಂಟು ಹೆಬ್ಬೆರಳ ದಪ್ಪ. ಆರು ಪಾತಿಯ ಗುಲಾಬಿ ಅರಳಿ ನಿಂತರೂ ಇಲ್ಲಿ ಒಂದು ಮೊಗ್ಗಿಲ್ಲ. ಹೂವಿಲ್ಲದೆ ಬೀಜವಿಲ್ಲ, ಹಳೆಯ ಬೀಜ ಒಂದೂ ಉಳಿದಿಲ್ಲ.

"ಈ ಚನ್ನಪ್ಪ ಏನಂದ ಗೊತ್ತಾ ಸಾ? ಸೊಪ್ಪು ಚೆನ್ನಾಗೈತೆ, ಉಪ್ಸಾರು ಮಾಡಕ್ಕ ಅಂದ. ನಾನೂ ನಕ್ಕೆ. ನಗ್ತಾ ನಗ್ತಾ ಬಂದು ಈ ತೊಟ್ಟಿ ಇಂದೆ ಕೂತ್ಕಂಡು ಅತ್ಬುಟ್ಟೆ. ನಮ್ ಯಜಮಾನ್ರು ಓದಾಗ್ಲೂ ಅಷ್ಟು ಅತ್ತಿರ್ನಿಲ್ಲ."

ಆ ದಿನಗಳಲ್ಲೇ ನಾನು ಇಲ್ಲಿಗೆ ಬಂದದ್ದು. ಹೋದ ವರ್ಷ ಚಿಕಿತ್ಸೆಗೆಂದು ವಾರಕ್ಕೊಮ್ಮೆ ಮೈಸೂರಿಗೆ ಹೋಗುವಾಗ ನನ್ನ ಪತ್ನಿ ರೈಲಿನ ಕಿಟಕಿಯಿಂದ ಈ ಬಿಳಿ ಹೂಗಳನ್ನು ನೋಡುತ್ತಿದ್ದರು. ಮಾಘದಲ್ಲಿ ಅವರು ದೇವರ ಪಾದ ಸೇರಿದರು. ದೇವರ ಮನೆಯಲ್ಲಿಡಲು ಎರಡು ಹೂ ಕೇಳೋಣವೆಂದು ಬಂದವನು, ಬಿಳಿಯವು ಎಲ್ಲಮ್ಮ ಎಂದು ಕೇಳಿದೆ. ಪಾರ್ವತಮ್ಮ ಪೊರಕೆ ಎತ್ತಿಕೊಂಡು ನಡೆದುಬಿಟ್ಟರು. ಕಾರಣ ಆಮೇಲೆ ತಿಳಿಯಿತು.

ನವರಾತ್ರಿಯ ಒಂದು ಬೆಳಿಗ್ಗೆ ಅವರು ಹಳಿಯ ಪಕ್ಕದ ಕಸ ಆಯುತ್ತಿದ್ದಾಗ, ಜಲ್ಲಿಕಲ್ಲಿನ ನಡುವೆ ಒಂದು ಗಿಡ ಕಂಡಿತು. ಬಿತ್ತುವಾಗ ಕೈಜಾರಿದ ಬೀಜವಿರಬೇಕು. ಮೊಣಕಾಲೆತ್ತರ, ದಾರದಂಥ ದಂಟು; ತಲೆಯ ಮೇಲೆ ಒಂದು ಬಿಳಿ ಹೂ. ಸಂಜೆ ಹೋಗುವಷ್ಟರಲ್ಲಿ ಯಾರದೋ ಮೇಕೆ ಅದನ್ನು ಮೇಯ್ದಿತ್ತು. ಆದರೆ ಪಾರ್ವತಮ್ಮನವರಿಗೆ ತಿಳಿಯಬೇಕಾದದ್ದು ಬೆಳಿಗ್ಗೆಯೇ ತಿಳಿದಿತ್ತು.

"ಅದ್ಕೆ ಗೊಬ್ಬರ ಆಕ್ದೋರ್ಯಾರು, ನೀರ್ ಬುಟ್ಟೋರ್ಯಾರು? ಕಲ್ನಾಗೆ ಉಟ್ಟಿ ಹೂ ಬುಟ್ಟೈತೆ. ಇಲ್ಲಿ ನಾನು ಒಟ್ಟೆ ಬಿರಿಯಂಗೆ ಉಣ್ಸಿದ್ದೀನಿ. ಉಂಡು ಮನಿಕಂಡೈತೆ."

ಮರುದಿನವೇ ಪಾತಿಯ ಮೇಲ್ಮಣ್ಣನ್ನು ಬೇರಿಗೆ ತಾಗದಂತೆ ಗೊಬ್ಬರದ ಸಮೇತ ಕೆರೆದು ತೆಗೆದರು. ಆ ಜಾಗಕ್ಕೆ ಮರಳು ಹಾಕಿದರು. ನೀರು ಪೂರ್ತಿ ನಿಲ್ಲಿಸಿದರು. ಮಧ್ಯಾಹ್ನದ ಬಿಸಿಲಿಗೆ ಗಿಡ ತಲೆ ಬಾಗಿಸಿದಾಗ ಗಾಡಿಗೆ ಕಾದವರು ಬೈದರು. ಒಬ್ಬ ಅಜ್ಜಿ ತನ್ನ ಬಾಟಲಿಯ ನೀರನ್ನೇ ಸುರಿಯಲು ಹೋದರಂತೆ. ಪಾರ್ವತಮ್ಮ ಓಡಿಹೋಗಿ ಕೈ ಹಿಡಿದುಕೊಂಡರು. "ಬ್ಯಾಡ ಕಣವ್ವ, ಅದು ಉಪಾಸದಾಗೈತೆ."

ನಾನೂ ಏಕಾದಶಿ ತಪ್ಪಿಸದವನು. ಆದರೆ ನಾವು ಪ್ರೀತಿಸುವುದರ ಕೈಯಲ್ಲಿ ಉಪವಾಸ ಮಾಡಿಸುವುದು ಎಷ್ಟು ಕಷ್ಟವೆಂದು ಅವರ ಮುಖ ನೋಡಿದಾಗ ತಿಳಿಯಿತು. ದಿನಾ ತುಂಬಿದ ಬಿಂದಿಗೆ ಹಿಡಿದು ತೊಟ್ಟಿಯವರೆಗೆ ಬಂದು, ಹಿಂದಿರುಗಿ ಗುಲಾಬಿಗೆ ಸುರಿಯುತ್ತಿದ್ದರು. "ನಾನೇ ಕೊಂದ್ಬುಟ್ನೇನೋ ಅಂತ ಒಂದೊಂದ್ ದಿವ್ಸ ಅನ್ನ ಸೇರ್ತಿರ್ನಿಲ್ಲ."

ಹದಿನಾರನೆಯ ದಿನ ಸಾಸಿವೆ ಗಾತ್ರದ ಮೊಗ್ಗು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಚನ್ನಪ್ಪನನ್ನು ಕರೆದು ತೋರಿಸಿದರು. ಅವನು ಬಗ್ಗಿ ನೋಡಿ, ಹೋಗಿ ಟೀ ತಂದುಕೊಟ್ಟನಂತೆ.

ಈಗ ಮೊದಲು ಬಿಟ್ಟ ಹೂಗಳು ಒಣಗಿ ಬೀಜ ಕಪ್ಪಾಗಿವೆ. ಮೈಸೂರಿನ ಗಾಡಿ ಬಂದು ಹೋದ ಮೇಲೆ ಪಾರ್ವತಮ್ಮ ಸೆರಗಿನ ಗಂಟು ಬಿಚ್ಚಿ ಮೂರು ಕಾಗದದ ಪೊಟ್ಟಣ ತೆಗೆಯುತ್ತಾರೆ. ಒಂದು ತಮ್ಮ ಮನೆಗೆ. ಇನ್ನೊಂದು ಚನ್ನರಾಯಪಟ್ಟಣದ ಶಾಲೆಯಲ್ಲಿ ಪಾಠ ಮಾಡುವ ಮಗಳು ಸಂಘಮಿತ್ರಾಗೆ. ಮೂರನೆಯದನ್ನು ನನ್ನ ಕೈಗಿಡುತ್ತಾರೆ.

"ನನಗೇಕಮ್ಮ? ಈ ವಯಸ್ಸಿನಲ್ಲಿ ನಾನೆಲ್ಲಿ ಗಿಡ ನೋಡಿಕೊಳ್ಳಲಿ?"

"ನೋಡ್ಕಬ್ಯಾಡಿ ಸಾ. ಅದ್ನೇ ಯೋಳ್ತಿರಾದು. ಆಷಾಡ್ದಾಗೆ ಉದುರಿಸ್ಬುಟ್ಟು ಸುಮ್ಕಿರಿ. ಗೊಬ್ಬರ ಗಿಬ್ಬರ ಅಂದ್ರೆ ಬಂದು ಕಿತ್ಕಂಡ್ ಓಯ್ತೀನಿ."

ಪೊಟ್ಟಣ ಹಗುರವಾಗಿದೆ. ಅದನ್ನು ನಾನು ಜೇಬಿಗೆ ಹಾಕಿಕೊಳ್ಳುವವರೆಗೂ ಅವರು ನೋಡುತ್ತಾರೆ. ನಂತರ ಪೊರಕೆ ಎತ್ತಿಕೊಳ್ಳುತ್ತಾರೆ.

"ಮೂರು ಮನೇಲಿರ್ಲಿ ಸಾ. ಇನ್ನೊಂದ್ ಸಲ ನಾನು ತಪ್ಪು ಮಾಡುದ್ರೂ ಹೂ ಉಳ್ಕತದೆ."