ಮುರಿಯದ ಹೋಳಿಗೆ

ಲೋಬಾನದ ವಾಸನೆ ಬಂದರೆ ಇವತ್ತಿಗೂ ನನ್ನ ಕಿವಿ ನೆಟ್ಟಗಾಗುತ್ತದೆ. ಈ ಸಲ, ಹಿರಿಯರಿಗೆ ಎಡೆ ಇಡುವ ಮಾನವಮಿ ಅಮಾವಾಸ್ಯೆಯ ದಿನ, ಕೊಪ್ಪಳದ ನಮ್ಮ ಮನೆಯಲ್ಲಿ ಆ ಹೊಗೆಯ ನಡುವೆ ಪೇಪರ್ ಹಿಡಿದು ಕುಳಿತಿದ್ದೆ. ನಾನು ನೋಡಿ ಅತ್ತು ಬಂದಿದ್ದ ದೆವ್ವದ ಸಿನಿಮಾವೊಂದರ ವಿಮರ್ಶೆ ಅದರಲ್ಲಿತ್ತು. ಸಿನಿಮಾದಲ್ಲಿ ಮನೆಯವರು ಸತ್ತವಳಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಕಾಯುತ್ತಾರೆ. ದೆವ್ವ ಕೊನೆಗೂ ಕಾಣುವುದಿಲ್ಲ. ದೆವ್ವವೇ ಬರದ ಮೇಲೆ ಹೆದರುವುದು ಯಾವುದಕ್ಕೆ ಎಂದು ವಿಮರ್ಶಕ ಮಹಾಶಯರು ನಕ್ಕಿದ್ದರು. ಮೈಯೆಲ್ಲ ಉರಿದುಹೋಯಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಇವರು ಒಮ್ಮೆಯಾದರೂ ಮುಚ್ಚಿದ ಬಾಗಿಲಿನ ಹೊರಗೆ ಕಾದಿದ್ದಾರೆಯೇ, ನೀವೇ ಹೇಳಿ.

ಕುಷ್ಟಗಿಯಲ್ಲಿ ನಮ್ಮದೊಂದು ಮಣ್ಣಿನ ಮಾಳಿಗೆಯ ಮನೆಯಿತ್ತು. ನನಗೆ ತಿಳಿವಳಿಕೆ ಬರುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವಳ ಮುಖ ನನಗೆ ನೆನಪಿಲ್ಲ. ಪ್ರತಿ ವರ್ಷ ಈ ಅಮಾವಾಸ್ಯೆಗೆ ಆಯಿ, ಅಂದರೆ ಅಪ್ಪನ ತಾಯಿ, ಅವ್ವನ ಹೆಸರಿನಲ್ಲಿ ಹೊಸ ಹಸಿರು ಇಳಕಲ್ ಸೀರೆ ಇಟ್ಟು, ಮೇಲೆ ಬಳೆ ಜೋಡಿಸಿ, ಬಿಸಿ ಹೋಳಿಗೆ, ತುಪ್ಪ, ಎಣಗಾಯಿ ಬಡಿಸಿ, ಲೋಬಾನದ ಹೊಗೆ ಹಾಕಿ ಬಾಗಿಲು ಮುಚ್ಚುತ್ತಿದ್ದಳು. "ಹೊರಗ ನಡೀರಿ ಎಲ್ಲಾರೂ. ಸೊಸಿ ಆಕಿ, ಮಾವನ ಮುಂದ ಉಣ್ಣಾಕ ನಾಚ್ಕೋತಾಳ." ಎಲ್ಲರೂ ಕಟ್ಟೆಯ ಮೇಲೆ ಕೂತರೆ ನಾನು ಕದಕ್ಕೆ ಕಿವಿ ಹಚ್ಚಿ, ಬಳೆಯ ಸದ್ದಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅವ್ವ ಬರದೇ ಹೋದರೆ ಎಂಬುದೇ ನನ್ನ ಹೆದರಿಕೆ. ಆಯಿ ಕೆಮ್ಮಿಯೇ ಬಾಗಿಲು ತೆರೆಯುತ್ತಿದ್ದಳು. ಉಣ್ಣುವವರ ಮೇಲೆ ದಿಢೀರೆಂದು ನುಗ್ಗಬಾರದಂತೆ.

"ಆಯಿ, ಅವ್ವ ಬಂದಿದ್ಲೇನು?"

"ಬಂದಿದ್ಲಪಾ. ನೋಡಿಲ್ಲಿ, ಹೋಳ್ಗಿ ಮುರದೈತಿ."

ಬಾಗಿಲು ಮುಚ್ಚುವ ಮುಂಚೆ ಅದರ ಅಂಚನ್ನು ಆಯಿಯೇ ಮುರಿಯುತ್ತಿದ್ದಳೆಂದು ದೊಡ್ಡವನಾದ ಮೇಲೆ ತಿಳಿಯಿತು. ನನಗೆ ಬೇಸರವಾಗಲಿಲ್ಲ, ಅವಳ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಆಯಿ ಹೋದಳು. ರಸ್ತೆ ಅಗಲಿಸುವಾಗ ಕುಷ್ಟಗಿಯ ಮನೆಯೂ ಹೋಯಿತು. ಆ ಕದವಿದ್ದ ಜಾಗದಲ್ಲಿ ಈಗ ಲಾರಿಗಳು ಓಡುತ್ತವೆ. ಕೊಪ್ಪಳದಲ್ಲಿ ಈಗ ನನ್ನ ಹೆಂಡತಿ ಎಡೆ ಬಡಿಸುತ್ತಾಳೆ, ಆಯಿ ಕಲಿಸಿದಂತೆ ಹೋಳಿಗೆಯ ಅಂಚನ್ನೂ ಮುರಿಯುತ್ತಾಳೆ. ಈ ಸಲ ಅವಳು "ಮುರೀಲೇನ್ರಿ?" ಅಂದಾಗ ಪೇಪರಿನ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ. "ಬ್ಯಾಡ. ಬಂದು ಆಕೀನ ಮುರೀಲಿ," ಅಂದುಬಿಟ್ಟೆ. ಬಾಗಿಲು ಮುಚ್ಚಿ ಹೊರಗೆ ನಿಂತೆವು. ಈ ಮನೆಯ ದಾರಿಯನ್ನು ಅವ್ವನಿಗೆ ಯಾರು ತೋರಿಸಿದ್ದಾರೆ ಎಂದು ಆಗ ಹೊಳೆದು, ಹೆದರಿ ಕದಕ್ಕೆ ಕಿವಿ ಹಚ್ಚಿದೆ. ಆ ಹೊತ್ತು ಆ ಮಹಾಶಯರು ನನ್ನ ಪಕ್ಕದಲ್ಲಿ ನಿಂತಿರಬೇಕಿತ್ತು.

ಕೆಮ್ಮಿ ಬಾಗಿಲು ತೆರೆದೆ. ಹೋಳಿಗೆ ಇಟ್ಟ ಹಾಗೇ ದುಂಡಗಿತ್ತು.