ಬಿಸಿ ಕೋಣೆಯ ಎರಡನೆಯ ಸಹಿ

ಪರ್ತ್‌ನಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಪ್ರತಿ ಬೇಸಿಗೆಯಲ್ಲೂ ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಇಬ್ಬರು ಬರುತ್ತಾರೆ: ಒಬ್ಬರು ಡಾಕ್ಟರು, ಇನ್ನೊಬ್ಬರು ಓಟದ ಕೋಚ್. ಅಲ್ಲಿ ಮುಖ್ಯವಾಗಿ ಕಲಿಸುವುದು ಎರಡೇ, ವೈದ್ಯಕೀಯ ಮತ್ತು ಕ್ರೀಡಾ ವಿಜ್ಞಾನ. ಇವರಿಬ್ಬರೂ ಯಾವ ಕಾಗದವನ್ನೂ ಒಬ್ಬೊಬ್ಬರೇ ಓದುವುದಿಲ್ಲ. ಮೂವತ್ತೆಂಟು ಡಿಗ್ರಿಗೆ ಕಾಯಿಸಿದ ಕೋಣೆಯಲ್ಲಿ ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ದೇಹ ಸೆಕೆಯನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ಅಳೆಯುವುದು ಅವರ ಕೆಲಸ. ಮೊದಲ ಓಟ ಯಾವಾಗಲೂ ಡಾಕ್ಟರದ್ದೇ. ತಾವು ಓಡದ ಕೋಣೆಗೆ ಅವರು ಇನ್ನೊಬ್ಬರನ್ನು ಕಳಿಸುವುದಿಲ್ಲ.

ನಾನು ಅಲ್ಲಿ ಟೆಕ್ನಿಷಿಯನ್. ಓಡುವವರು ಯಾವಾಗ ತಿಂದರು, ಎಷ್ಟು ನೀರು ಕುಡಿದರು ಎಂದು ಒಂದು ಫಾರ್ಮಿನಲ್ಲಿ ಬರೆದು ಸಹಿ ಹಾಕುತ್ತಾರೆ. ಅದನ್ನು ಮತ್ತೆ ಕೇಳಿ, ಸರಿ ಎನಿಸಿದರೆ ಎರಡನೆಯ ಸಹಿ ನಾನು ಹಾಕಬೇಕು.

ಈ ವರ್ಷ ಅವರು ಇಲ್ಲಿಂದ ಒಬ್ಬ ವಿದ್ಯಾರ್ಥಿಯನ್ನು ತಮ್ಮಲ್ಲಿಗೆ ಸಂಶೋಧನೆಗೆ ಕರೆಸಿಕೊಳ್ಳುವವರಿದ್ದರು. ಅರ್ಜಿ ಹಾಕಿದವರಲ್ಲಿ ದಾವಣಗೆರೆಯ ಹುಡುಗಿಯೊಬ್ಬಳಿದ್ದಳು. ಪರ್ತ್‌ನ ಬೆಂಟ್ಲಿ ಬಡಾವಣೆಯಲ್ಲಿ ನಾಲ್ವರ ಜೊತೆ ಮನೆ ಹಂಚಿಕೊಂಡು, ಶನಿವಾರ ಭಾನುವಾರ ಮೋರ್ಲಿ ಬಡಾವಣೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಳು. ಜಪಾನಿನ ಆ ಸೀಟಿನ ಹೊರತು ಬೇರೆ ಮಾತೇ ಅವಳಿಗಿರಲಿಲ್ಲ. ಅರ್ಜಿದಾರರೆಲ್ಲ ಒಮ್ಮೆ ಬಿಸಿ ಕೋಣೆಯಲ್ಲಿ ಓಡಬೇಕೆಂಬುದು ಡಾಕ್ಟರ ನಿಯಮ. ಅವಳ ಸರದಿ ಕೊನೆಯ ದಿನ ಬಂತು.

ಅಂದು ಬೆಳಿಗ್ಗೆ ಹತ್ತಕ್ಕೆ ನಾನು ಉಪ್ಪಿಟ್ಟಿನ ಡಬ್ಬಿ ತೆಗೆದು ಅವಳನ್ನು ಕರೆದೆ.

“ಇವತ್ತು ಸಂಕಷ್ಟಿ ಆಂಟಿ. ಚಂದ್ರ ಬಂದ್ಮೇಲೇ ಊಟ.”

“ಯಾವ ಚಂದ್ರ? ಪರ್ತ್‌ದೋ ದಾವಣಗೆರೇದೋ?”

“ಯಾವ್ದು ಮೊದ್ಲು ಬರುತ್ತೋ ಅದು.”

ಇಬ್ಬರೂ ನಕ್ಕೆವು. ಆ ಸೀಟು ಸಿಗಲೆಂದೇ ಹರಕೆ ಹೊತ್ತು ಐದು ತಿಂಗಳಿಂದ ಸಂಕಷ್ಟಿ ಮಾಡುತ್ತಿದ್ದಾಳೆಂದು ಅವಳೇ ಹೇಳಿದಳು. ನಾನು ಉಪ್ಪಿಟ್ಟು ತಿಂದು ಡಬ್ಬಿ ತೊಳೆದಿಟ್ಟೆ.

ಮಧ್ಯಾಹ್ನ ಎರಡಕ್ಕೆ ಅವಳ ಫಾರ್ಮ್ ನನ್ನ ಮುಂದಿತ್ತು. ಎಂಟಕ್ಕೆ ತಿಂಡಿ, ಎರಡು ಇಡ್ಲಿ, ಎರಡು ಲೋಟ ನೀರು ಎಂದು ಬರೆದಿದ್ದಳು. ನಾನು ಓದಿದೆ. ಏನೂ ಕೇಳದೆ ಸಹಿ ಹಾಕಿದೆ.

ಓಟದ ಹತ್ತೊಂಬತ್ತನೆಯ ನಿಮಿಷದಲ್ಲಿ ಅವಳ ಬಲಗೈ ಟ್ರೆಡ್‌ಮಿಲ್‌ನ ಕಂಬಿಯನ್ನು ಹುಡುಕಿತು. ಕಂಬಿ ಅಲ್ಲೇ ಇತ್ತು, ಕೈಗೆ ಸಿಗಲಿಲ್ಲ. ಆಮೇಲೆ ಅವಳು ಕುಸಿದಳು. ನೆಲಕ್ಕೆ ಬೀಳುವ ಮೊದಲೇ ಕೋಚ್ ಹಿಡಿದುಕೊಂಡರು. ಡಾಕ್ಟರು ಅವಳನ್ನು ಹೊರಗೆ ಮಲಗಿಸಿ, ಒದ್ದೆ ಟವೆಲ್ ಹೊದಿಸಿ, ಡ್ರಿಪ್ ಹಾಕಿದರು. ಮಾತು ಮರಳಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಾನು ಗಡಿಯಾರ ನೋಡುತ್ತಿದ್ದೆ.

ಬೆಳಗಿನಿಂದ ಕಂಡದ್ದನ್ನು ಬರೆದುಕೊಡಿ ಎಂದು ಡಾಕ್ಟರು ಕೇಳಿದರು. ಒಂದೂವರೆ ಪುಟ ಬರೆದೆ. ಕೊಡುವ ಮೊದಲು ಅವಳು ಕೈಚಾಚಿ ಇಸಿದುಕೊಂಡು ಓದಿದಳು.

“ಎರಡು ಗಂಟೆಯಿಂದ ಶುರು ಮಾಡಿದೀರಲ್ಲ ಆಂಟಿ. ಉಪ್ಪಿಟ್ಟು ಎಲ್ಲೋಯ್ತು?”

ಅದನ್ನು ಬರೆದರೆ ಸೀಟು ಹೋಗುತ್ತದೆ ಎಂದೆ.

“ಸೀಟು ನಂದು. ಸಹಿ ನಿಮ್ದು. ನಾನು ಸುಳ್ಳು ಬರ್ದೆ ಅಂತ ಬರೀರಿ. ನಿಮ್ಗೆ ಗೊತ್ತಿತ್ತು, ಅದನ್ನೂ ಬರೀರಿ.”

ಹೊಸ ಹಾಳೆ ತೆಗೆದು ಹತ್ತು ಗಂಟೆಯಿಂದ ಬರೆದೆ. ಡಾಕ್ಟರೂ ಕೋಚೂ ಒಟ್ಟಿಗೆ ಕೂತು ಓದಿದರು. ಗೊತ್ತಿದ್ದೂ ಏಕೆ ಸಹಿ ಹಾಕಿದಿರಿ ಎಂದಷ್ಟೇ ಡಾಕ್ಟರು ಕೇಳಿದರು. ಉಪವಾಸವಿದ್ದು ದಿನವಿಡೀ ದುಡಿಯುವ ಹೆಂಗಸರನ್ನು ನೋಡಿ ಬೆಳೆದವಳು ನಾನು, ಅದನ್ನು ದೇಹದ ವಿಷಯವೆಂದು ಎಣಿಸಿರಲಿಲ್ಲ ಎಂದೆ. ಅವರು ಅದನ್ನು ಬರೆದುಕೊಂಡರು. ಉಪವಾಸದ ಬಗ್ಗೆ ಫಾರ್ಮಿನಲ್ಲಿ ಹೊಸ ಪ್ರಶ್ನೆ ಸೇರಿತು. ಎರಡನೆಯ ಸಹಿ ಹಾಕುವ ಕೆಲಸವನ್ನು ನನ್ನಿಂದ ಯಾರೂ ಕಸಿದುಕೊಳ್ಳಲಿಲ್ಲ.

ಎರಡು ವಾರದ ಮೇಲೆ ಬಸ್‌ಸ್ಟಾಪಿನಲ್ಲಿ ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಡಾಕ್ಟರ ಈಮೇಲು ಚಿಕ್ಕದಾಗಿತ್ತು: ತಮ್ಮ ದೇಹದ ಸ್ಥಿತಿಯನ್ನು ಮುಚ್ಚಿಟ್ಟವರಿಗೆ ಬೇರೆಯವರ ದೇಹವನ್ನು ಕಾಯುವ ಕೆಲಸ ಒಪ್ಪಿಸಲಾಗದು. ಎರಡು ಸಲ ಓದಿದೆ. ಅದರಲ್ಲಿ ನನ್ನ ವಿಷಯವಿರಲಿಲ್ಲ.

“ನಿಮ್ ಕೆಲ್ಸ ಇದೆಯಲ್ಲ ಆಂಟಿ?”

“ಇದೆ.”

ಬೆಂಟ್ಲಿಯ ಬಸ್ಸು ಬಂತು. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು ಹತ್ತಿದಳು.