ವಿಭೂತಿ ಹಚ್ಚಿಸಿಕೊಂಡ ಕಾದಂಬರಿ

ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರ ಚಿಕ್ಕಬಸಪ್ಪನವರು ಪುರಸಭೆಯ ಮೆಂಬರಾದ ಮೇಲೆ ಊಟಕ್ಕೆ ಕೂತರೂ ಭಾಷಣವೇ. ಕಾದಂಬರಿ ಓದುವ ಹೆಂಗಸು ಮನೆಗೆ ಬೆಂಕಿಯಂತೆ. ಅಂಥದ್ದು ತಮ್ಮ ಮನೆಯಲ್ಲಿ ಸಿಕ್ಕರೆ ಪುಸ್ತಕ ಒಲೆಗೆ, ಓದಿದವಳು ತವರಿಗೆ.

ಹೆಂಡತಿ ಸುಂದ್ರಮ್ಮನ ತವರು ಗಾವಡಗೆರೆ, ಹತ್ತಿರವೇ. ಗಂಡ ಅಟ್ಟಿದವಳಿಗೆ ಮಾತ್ರ ಅದು ಬಲು ದೂರ.

ಶ್ರಾವಣದ ಮಧ್ಯಾಹ್ನಗಳಲ್ಲಿ ಅಕ್ಷರ ಬಾರದ ಅತ್ತೆ ಸಣ್ಣತಾಯಮ್ಮನಿಗೆ ಶಿವಪುರಾಣ ಓದಿ ಹೇಳುವುದು ಅವಳ ಪಾಲಿನ ಕೆಲಸ. ಅವಳ ತಮ್ಮ ಮೈಸೂರಿನಿಂದ ತಂದುಕೊಟ್ಟ ಕಾದಂಬರಿಯನ್ನು ಬಚ್ಚಿಡಲು ಬೇರೆ ಜಾಗ ಕಾಣದೆ ಪುರಾಣದ ಬಟ್ಟೆಯಲ್ಲೇ ಸುತ್ತಿ ವ್ಯಾಸಪೀಠದ ಮೇಲಿಟ್ಟಳು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಕೈಮುಗಿದು ಕೂತರು. ಸುಂದ್ರಮ್ಮ ಪುರಾಣದ ಬದಲು ಅದನ್ನೇ ಓದಿದಳು. ಗಂಡ ಬಿಟ್ಟುಹೋದ ಸುನಂದೆ, ಅವಳನ್ನು ಉಪವಾಸ ಕೆಡವುವ ಅತ್ತೆ: ಬಿಡಲಾಗದ ರುಚಿ. ಹೊರಗೆ ಗಂಡನ ಜೋಡಿನ ಸದ್ದಾದರೆ ಬಟ್ಟೆ ಎಳೆದು ಪುಸ್ತಕ ಮುಚ್ಚುವಳು.

“ಆ ಅತ್ತೆ ಮುಂಡೇದು ಉಳ ಬಿದ್ದು ಸಾಯ್ಲಿ!” ಸಣ್ಣತಾಯಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. “ಈ ಶರಣೆಗೆ ಶಿವ ಯಾವಾಗ ಪ್ರತ್ಯಕ್ಷ ಆಯ್ತಾನೆ ಕಣವ್ವಾ?”

“ಇನ್ನೂ ಬಂದಿಲ್ಲ ಅತ್ತೆ.”

ಶಿವನ ಬದಲು ಒಂದು ದಿನ ಚಿಕ್ಕಬಸಪ್ಪನವರು ಹೊತ್ತಿಗೆ ಮುಂಚೆ ಬಂದು ಚಾಪೆಯ ಮೇಲೆ ಕೂತರು. “ಓದು, ನಾನೂ ಕೇಳ್ತೀನಿ.”

ಆ ಪುಟದಲ್ಲಿ ಸುನಂದೆ ರೈಲಿಗೆ ಕಾಯುತ್ತಿದ್ದಳು. ಬೆವರುತ್ತ ಸುಂದ್ರಮ್ಮ ರೈಲನ್ನು ರಥ ಮಾಡಿದಳು, ಸ್ಟೇಷನ್ನನ್ನು ಶಿವಾಲಯ ಮಾಡಿದಳು. ಟಿಕೆಟ್ಟಿಗೆ ಏನೂ ತೋಚದೆ ನುಂಗಿಕೊಂಡಳು.

“ಮಗ, ಈ ಕತೆ ನಿಂಗೊತ್ತಾ?”

“ಗೊತ್ತಿಲ್ದೆ ಏನವ್ವಾ! ನಂಗೆ ಬಾಯಿಪಾಠ.” ಮೆಂಬರು ಮೀಸೆ ನೀವಿದರು. “ತತ್ತಾ ಇಲ್ಲಿ, ರಾಗವಾಗಿ ಓದ್ತೀನಿ.”

ಪುಸ್ತಕ ಸುಂದ್ರಮ್ಮನ ಕೈಯಿಂದ ಅವರ ಕೈಗೆ ಹೋಯಿತು. ಅವರು ಪುಟ ನೋಡಿದರು, ಹಿಂದಕ್ಕೆ ಮಗುಚಿ ಹೆಸರು ನೋಡಿದರು, ಕೆಂಪಗಾಗಿ ಹೆಂಡತಿಯನ್ನು ನೋಡಿದರು.

“ಓದ್ಲಾ ಮಗ,” ಎಂದರು ತಾಯಿ. “ಬಾಯಿಪಾಠ ಅಂದ್ಯಲ್ಲ, ಬಿಟ್ಟೋದ ಆ ಆಳು ಗಂಡ ಬಂದ್ನಾ?”

ಮೆಂಬರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಆಮೇಲೆ “ಆಗ ಆ ರಥವೂ...” ಎಂದು ರಾಗ ಎಳೆದರು. ಟಿಕೆಟ್ಟನ್ನು ಬಿಲ್ವಪತ್ರೆ ಮಾಡಿದರು. ರಥದಿಂದ ಗಂಡ ಇಳಿದ, ಹಿಂದೆಯೇ ಇನ್ನೊಬ್ಬಳೂ ಇಳಿದಳು. ಅಧ್ಯಾಯ ಮುಗಿಯುವ ಹೊತ್ತಿಗೆ ಅವರ ದನಿಯೂ ಒದ್ದೆಯಾಗಿತ್ತು.

ಒಳಮನೆಯಲ್ಲಿ ಸುಂದ್ರಮ್ಮ ಕೇಳಿದಳು, “ನಾನು... ತವರಿಗೆ ಹೊರಡ್ಲಾ?”

ಅವರು ಗೋಡೆ ನೋಡುತ್ತಲೇ ಕೇಳಿದರು, “ಸುನಂದೆ ಮುಂದೇನು ಮಾಡ್ತಾಳೆ?”

“ನಾನೂ ಓದಿಲ್ಲ.”

“ಹಂಗಾರೆ ಮುಗಿಯೋಗಂಟ ಇರು. ಆಮೇಲೆ ನೋಡ್ಮ.”

ಪುಟಗಳನ್ನು ಗಬಗಬ ನುಂಗುತ್ತಿದ್ದ ಸುಂದ್ರಮ್ಮ ಮಾರನೆಯ ದಿನದಿಂದ ಅರ್ಧ ಪುಟ ಓದುವಷ್ಟರಲ್ಲೇ ಒಲೆ ಹೊತ್ತಿಸಬೇಕೆಂದು ಎದ್ದುಬಿಡುತ್ತಿದ್ದಳು.